ಮನೆಗೆ ಬಂದ ‘ಓಂ’

ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ ‘ಓಂ’ ತೆರೆಕಂಡದ್ದು 1995ರಲ್ಲಿ, ಟಿವಿಗೆ ಬಂದದ್ದು 2015ರಲ್ಲಿ. ನಡುವಿನ ಇಪ್ಪತ್ತು ವರ್ಷ ಅದು ಥಿಯೇಟರಿಗೇ ಮರಳಿ ಮರಳಿ ಬರುತ್ತಿತ್ತು. ಹೀಗಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಈ ಗೃಹಪ್ರವೇಶದ ಬಗ್ಗೆ ಒಮ್ಮತವಿಲ್ಲ.

ಇಲ್ಲಿಯ ಹಿರಿಯರು ಮನೆಯಲ್ಲಿ ಸಿನಿಮಾ ನೋಡಲು ಕಲಿತದ್ದು ಬಾಡಿಗೆ ಡೆಕ್ಕಿನಲ್ಲಿ. ಒಂದು ವಿಸಿಡಿಗೆ ಸುಮಾರು 74 ನಿಮಿಷದ ಚಿತ್ರ ಮಾತ್ರ ಹಿಡಿಯುತ್ತಿದ್ದರಿಂದ ಎಂಥ ಶೂರ ನಾಯಕನೂ ಎರಡು ತುಂಡಾಗಿಯೇ ಬರುತ್ತಿದ್ದ. ಮಚ್ಚು ಎತ್ತಿದ ಗಳಿಗೆಗೇ ಪರದೆ ಚೌಕಳಿ ಚೌಕಳಿಯಾಗಿ ನಿಲ್ಲುವುದು. ಡಿಸ್ಕ್ ತೆಗೆದು ಧೋತರದ ಚುಂಗಿನಿಂದ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕುವುದು. ಆ ಕಾಲದ ರಿಪೇರಿ ಅಷ್ಟೇ, ಹೆಚ್ಚಿನಂಶ ಫಲವೂ ಕೊಡುತ್ತಿತ್ತು.

ಟಿವಿಯಲ್ಲಿ ಆ ತಾಪತ್ರಯವಿಲ್ಲ; ಜಾಹೀರಾತಿದೆ. “ಮಚ್ಚ ಎತ್ತೂದ್ರಾಗ ಸಾಬಾನ ಬರತೈತ್ರಿ” ಎಂಬುದು ಕಟ್ಟೆಯ ಮೇಲಿನ ಸಾಮಾನ್ಯ ತಕರಾರು. ಮೊದಲೇ ಹಿಂದುಮುಂದಾಗಿ ಹೇಳಿದ ಕಥೆ, ನಡುವೆ ಸಾಬೂನು ಬಂದರೆ ಎಳೆ ಸಿಗುವುದು ಕಷ್ಟವೇ. ಶಿಳ್ಳೆ ಅಭಿಮಾನಿಗಳಿಗೆ ಬೇರೆಯೇ ಸಂಕಟ: ಮನೆಯಲ್ಲಿ ಅಪ್ಪ ಇರುತ್ತಾನೆ. ಇನ್ನು, ಹೆಸರು ಕೇಳಿ ಭಕ್ತಿ ಚಿತ್ರವೆಂದು ಕೈಮುಗಿದು ಕೂತ ಅಜ್ಜಿಯಂದಿರು ಅಭಿಪ್ರಾಯ ಹೇಳಲು ಕೊನೆಯವರೆಗೆ ಕಾಯುವುದಿಲ್ಲ.