ಚೆಂಡಿನಿಂದ ಆನೆಗೆ ಬಡ್ತಿ

ಮೈಸೂರಿನ ಕುವೆಂಪುನಗರದ ಕಡೆ ಈಗ ಬೀದಿಗೊಬ್ಬ ಅನಿಮೇಷನ್ ವಿದ್ಯಾರ್ಥಿ. ಮೊದಲ ಪ್ರಾಜೆಕ್ಟು ಯಾವಾಗಲೂ ಪುಟಿಯುವ ಚೆಂಡು. "ಇಷ್ಟು ಫೀಸು ಕಟ್ಟಿ ಚೆಂಡಾಟವೇನೋ?" ಎಂದು ಅಜ್ಜಿ ಕೇಳಿದರೆ ತಪ್ಪಿಲ್ಲ. ಆದರೆ ಸೆಕೆಂಡಿಗೆ 24 ಫ್ರೇಮು! ಚೆಂಡು ನೆಲಕ್ಕೆ ತಾಗಿದಾಗ ತುಸು ಚಪ್ಪಟೆಯಾಗಬೇಕು, ಮೇಲೇರುತ್ತಾ ನಿಧಾನವಾಗಬೇಕು. ಹುಡುಗ ರಾತ್ರಿಯಿಡೀ ಕೂತು ಇಳಿಸಿದ ಚೆಂಡು ಬೆಳಗ್ಗೆ ನೋಡಿದರೆ ಲಿಫ್ಟಿನಲ್ಲಿ ಇಳಿದ ಹಾಗಿರುತ್ತದೆ.

ಆಮೇಲಿನದು ನಡಿಗೆ. ಇಲ್ಲಿ ಮೈಸೂರಿನವರ ಪುಣ್ಯ ದೊಡ್ಡದು. ದಸರೆಗೆ ಮುಂಚೆ ಆನೆಗಳು ಮರಳುಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ಮಾಡುತ್ತವೆ, ಪುಕ್ಕಟೆ ಪಾಠ. ಹಿಂಗಾಲು ಮೊದಲು, ಅದೇ ಬದಿಯ ಮುಂಗಾಲು ಆಮೇಲೆ. ಎಷ್ಟೇ ಜೋರಾಗಿ ಹೊರಟರೂ ಆನೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಅಂಬಾರಿಯ ತೂಕವೇ ಸುಮಾರು 750 ಕೆ.ಜಿ. ಆ ಭಾರ ಹೆಜ್ಜೆಯಲ್ಲಿ ಕಾಣದಿದ್ದರೆ ಮೇಷ್ಟ್ರು, "ಏನಪ್ಪಾ, ಥರ್ಮೋಕೋಲ್ ಆನೆಯಾ?" ಎನ್ನುತ್ತಾರೆ.

ಆದ್ದರಿಂದ ಹೆತ್ತವರಲ್ಲಿ ವಿನಂತಿ: ಮಗ ತಾಲೀಮಿನ ಆನೆ ನೋಡುತ್ತಾ ರಸ್ತೆಬದಿ ನಿಂತಿದ್ದರೆ ಪೋಲಿ ಅಂದುಕೊಳ್ಳಬೇಡಿ, ಅದು ಹೋಮ್‌ವರ್ಕು. ಲದ್ದಿ ತುಳಿದು ಬಂದರೆ ಮಾತ್ರ ಚಪ್ಪಲಿ ಹೊರಗೇ ಬಿಡಿಸಿ.