ಕರೆಸಿಕೊಂಡ ನೆಂಟರು

ಹುಳ ಎಂದರೆ ಮಾರು ದೂರ ಓಡುವವರೂ ಗುಲಗಂಜಿ ಹುಳುವಿಗೆ ಅಂಗೈ ಚಾಚುತ್ತಾರೆ. ಕೆಂಪು ಬೆನ್ನು, ಕಪ್ಪು ಚುಕ್ಕಿ. ಚಂದವಿದ್ದರೆ ಕೀಟಕ್ಕೂ ಮರ್ಯಾದೆ! ಹೊಟ್ಟೆ ಮಾತ್ರ ಬಕಾಸುರನದು. ಗಿಡದ ರಸ ಹೀರುವ ಹೇನುಗಳನ್ನು ದಿನಕ್ಕೆ ಹತ್ತಾರು ಮುಕ್ಕುತ್ತದೆ.

ಇದರ ಚುಕ್ಕಿಯಿಲ್ಲದ ಬಂಧುವೊಂದನ್ನು 1898ರಲ್ಲೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಿಸಿದ್ದರು, ಕಾಫಿ ಗಿಡದ ಹಸಿರು ಶಲ್ಕಕೀಟ ತಿನ್ನಲಿ ಎಂದು. ಅದು ಮನಸ್ಸು ಮಾಡಿದ್ದು ಬಿಳಿ ಹಿಟ್ಟು ತಿಗಣೆಯ ಮೇಲೆ. ಕರೆದವರು ಬಡಿಸಿದ್ದನ್ನೇ ತಿನ್ನಬೇಕೆಂಬ ಕಾನೂನಿದೆಯೇ? ಈಗ ದ್ರಾಕ್ಷಿ, ಕಾಫಿ ತೋಟಗಳಿಗೆ ಅದನ್ನು ಸಾಕಿ ಬಿಡುತ್ತಾರೆ. ತಮಾಷೆಯೆಂದರೆ, ಅದರ ಮರಿಯೂ ಮೈತುಂಬ ಬಿಳಿ ಮೇಣ ಹೊದ್ದು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ದಾಸವಾಳದ ಗಿಡಕ್ಕೆ ಸೋಪಿನ ನೀರು ಹಿಡಿದು ಹೊರಟವರ ಕೈಲಿ ಪಾಪ, ಕಳ್ಳನ ಜೊತೆ ಪೊಲೀಸನಿಗೂ ಸ್ನಾನ.

ಈ ಮನೆತನದಲ್ಲಿ ಸಸ್ಯಾಹಾರಿಯೂ ಒಬ್ಬನಿದ್ದಾನೆ. ಬೆನ್ನ ಮೇಲೆ 28 ಚುಕ್ಕಿ. ಬದನೆ ಎಲೆಯನ್ನು ಕೆರೆದು ಕೆರೆದು ಜರಡಿ ಮಾಡುತ್ತಾನೆ. ಸಸ್ಯಾಹಾರಿಗಳೆಲ್ಲ ಸಾಧುಗಳೆಂದು ಬೀಗುವವರು ಒಮ್ಮೆ ಬದನೆ ಹೊಲ ನೋಡಿ ಬರಲಿ.

ಅಮೆರಿಕದವರ ಗೋಳು ಬೇರೆ. ತೋಟದ ಕೆಲಸಕ್ಕೆಂದು ಅವರು ಕರೆಸಿಕೊಂಡ ಏಷ್ಯಾದ ಗುಲಗಂಜಿ ಹುಳು, ಚಳಿ ಹತ್ತಿರವಾದರೆ ಕಿಟಕಿ ಸಂದಿಯಿಂದ ಹಿಂಡುಗಟ್ಟಿ ಮನೆಯೊಳಗೆ ನುಗ್ಗುತ್ತದೆ. ಹೊಸಕಿದಿರೋ, ಕಾಲಿನ ಕೀಲಿನಿಂದ ಹಳದಿ ರಸ: ಗೋಡೆಗೆ ಕಲೆ, ಮೂಗಿಗೆ ನಾತ. ಹಾಗಾಗಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದುಹಾಕುತ್ತಾರೆ. ಬೇಸಗೆಯಿಡೀ ಹೇನು ತಿಂದದ್ದಕ್ಕಾದರೂ ಚಳಿಗಾಲದ ಬಾಡಿಗೆ ಮನ್ನಾ ಮಾಡಬಹುದಿತ್ತಪ್ಪ!