ಚಳಿಗಾಲದ ತೋಟ ಮಾಡ್ತೀರಂತೆ, ಹೌದಾ?

ಸುದ್ದಿ ಬಂತು. ಈ ಸಲ ಮನೆ ಮುಂದೆ ‘ವಿಂಟರ್ ಗಾರ್ಡನ್’ ಮಾಡೇ ತೀರ್ತೀನಿ ಅಂತ ಪಣ ತೊಟ್ಟಿದ್ದೀರಂತೆ. ರಾತ್ರಿ ಮೊಬೈಲಲ್ಲಿ ಇಂಗ್ಲೆಂಡಿನ ತೋಟದ ವಿಡಿಯೋ ನೋಡಿದ್ದು, ಬೆಳಗ್ಗೆ ಕಾಫಿ ಲೋಟದ ಜೊತೆಗೇ ಬಜೆಟ್ಟೂ ಮಂಡಿಸಿದ್ದು, ಎಲ್ಲಾ ಗೊತ್ತು. (ಯಾರು ಹೇಳಿದ್ರು ಅಂತ ಕೇಳಬೇಡಿ. ದೇವಾಂಗಪೇಟೆಯಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದ್ದು ಸಾಯಿಬಾಬಾ ಕಾಲೋನಿಗೆ ಮುಟ್ಟೋಕೆ ಎಷ್ಟೊತ್ತು ಬೇಕು?)

ಮಾಡಿ, ಬೇಡ ಅಂದೋರ್ಯಾರು? ಒಂದೇ ಒಂದು ಪ್ರಶ್ನೆ. ಚಳಿಗಾಲ ಎಲ್ಲಿದೆ? ಮಾರ್ಗಳಿ ತಿಂಗಳ ನಟ್ಟಿರುಳಲ್ಲೂ ಕೊಯಮತ್ತೂರು ಸಾಮಾನ್ಯವಾಗಿ 18–19 ಡಿಗ್ರಿಗಿಂತ ಕೆಳಗೆ ಇಳಿಯೋಕೆ ಮೀನಮೇಷ ಎಣಿಸುತ್ತೆ. ಮಧ್ಯಾಹ್ನ ನೋಡಿದರೆ 29, 30. ನೀವು ಮಾತ್ರ ಬೆಳಗ್ಗೆ ಆರಕ್ಕೆ ಮಂಕಿ ಕ್ಯಾಪ್, ಮಫ್ಲರ್, ಸ್ವೆಟರ್ ಎಲ್ಲಾ ಏರಿಸಿ ರೇಸ್‌ಕೋರ್ಸ್ ರಸ್ತೆಗೆ ವಾಕಿಂಗ್ ಹೊರಡ್ತೀರಿ. ಏಳೂವರೆಗೆ ಅದೆಲ್ಲಾ ಕಂಕುಳಲ್ಲಿ.

ಆ ಇಂಗ್ಲೆಂಡಿನೋರ ಕಷ್ಟ ಬೇರೆ. ಡಿಸೆಂಬರಲ್ಲಿ ಅವರಿಗೆ ಸಂಜೆ ನಾಲ್ಕರ ಒಳಗೇ ಸೂರ್ಯ ಮುಳುಗ್ತಾನೆ, ಮರಗಳೆಲ್ಲಾ ಬೋಳು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ 1970ರ ದಶಕದ ಕೊನೆಗೆ ಚಳಿಗಾಲಕ್ಕೆ ಅಂತಲೇ ಒಂದು ಭಾಗ ಮಾಡಿದರು. ಅಲ್ಲಿ ಜನ ಟಿಕೆಟ್ ತಗೊಂಡು ಹೋಗಿ ನೋಡೋದು ಏನನ್ನ? ಎಲೆ ಉದುರಿದ ಮೇಲೆ ಕೆಂಪಗೆ, ಹಳದಿಯಾಗಿ ನಿಂತಿರೋ ಬರೀ ಕಡ್ಡಿಗಳನ್ನ! ನಿಮ್ಮ ಅತ್ತೆಯವರನ್ನ ಕರಕೊಂಡು ಹೋಗಿ ಆ ಕಡ್ಡಿ ತೋರಿಸಿ ನೋಡೋಣ. ‘ಒಲೆಗಾ?’ ಅಂತಾರೆ.

ನಿಮಗೆ ಎಲೆ ಉದುರೋ ಕಾಟ ಇಲ್ಲ. ಸೂರ್ಯನಂತೂ ಓಡಿಸಿದರೂ ಹೋಗಲ್ಲ. ಆದರೂ ಬಣ್ಣ ಬೇಕು. ಯಾಕೆ ಅಂತ ನಾನು ಹೇಳಲಾ? ಡಿಸೆಂಬರ್ ಕೊನೆಗೆ ಅಮೆರಿಕಾದಿಂದ ನಾದಿನಿ ಮನೆಯವರು ಬರ್ತಾರೆ. ಹೌದೋ ಅಲ್ವೋ?

ಆದ್ದರಿಂದ ನೀವು ಮಾಡಿದ ಮೊದಲ ಕೆಲಸ, ಊಟಿಗೆ ಕಾರು ಬಿಟ್ಟಿದ್ದು. ಬರುವಾಗ ಡಿಕ್ಕಿ ತುಂಬಾ ಹೈಡ್ರಾಂಜಿಯಾ, ಪ್ಯಾನ್ಸಿ, ಫ್ಯೂಷಿಯಾ. ಕೂನೂರು ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವಲ್ಲೂ ಹಿಂದಿನ ಸೀಟಿನೋರು ಒಂದೊಂದು ಕುಂಡ ತೊಡೆ ಮೇಲೆ ಅಪ್ಪಿಕೊಂಡು ಬಂದಿದ್ದು. (ಮಗುವಿಗೆ ವಾಂತಿ ಬಂದಾಗ ನೀವು ಮೊದಲು ಸರಿಸಿದ್ದು ಮಗುವನ್ನೋ, ಪ್ಯಾನ್ಸಿಯನ್ನೋ? ಇರಲಿ, ಮನೆ ವಿಷಯ.)

ಊಟಿ ಇರೋದು 2,240 ಮೀಟರ್ ಎತ್ತರದಲ್ಲಿ. ನಿಮ್ಮ ಕಾಂಪೌಂಡು ಸುಮಾರು 410ರಲ್ಲಿ. ಸಾವಿರ ಮೀಟರಿಗೆ ಆರು ಆರೂವರೆ ಡಿಗ್ರಿ ಲೆಕ್ಕ ಹಾಕಿದರೂ ಮೂರು ಗಂಟೆಯೊಳಗೆ ಆ ಬಡಪಾಯಿ ಗಿಡವನ್ನ ಹನ್ನೊಂದು ಹನ್ನೆರಡು ಡಿಗ್ರಿ ಹೆಚ್ಚಿನ ಸೆಕೆಗೆ ಇಳಿಸಿದಿರಿ. ಅದು ಒಂದು ವಾರ ಮರ್ಯಾದೆಗೆ ಅಂತ ನಿಂತಿತ್ತು. ಆಮೇಲೆ ತಲೆ ಕೆಳಗೆ ಹಾಕ್ತು.

ಆಗ ನೀವೇನು ಮಾಡಿದಿರಿ? ಬೋರ್ ನೀರು ಉಪ್ಪು, ಎಲೆ ಅಂಚೆಲ್ಲಾ ಸುಡುತ್ತೆ, ಕುಂಡದ ಬಾಯಿಗೆ ಬಿಳೀ ಪೊರೆ ಕಟ್ಟುತ್ತೆ ಅಂತ, ಯಾರೂ ನೋಡದ ಹೊತ್ತಲ್ಲಿ ಸಿರುವಾಣಿ ನೀರು ಹೊಯ್ದಿರಿ. ಸಿರುವಾಣಿ! ಊರೇ ಕುಡಿಯೋಕೆ ಅಂತ ಬಿಂದಿಗೆ ಬಿಂದಿಗೆ ಹಿಡಿದಿಡೋ ನೀರು, ಇಂಥ ರುಚಿ ಬೇರೆಲ್ಲೂ ಇಲ್ಲ ಅಂತ ನೆಂಟರ ಮುಂದೆ ಜಂಬ ಕೊಚ್ಚೋ ನೀರು. ಗಿಡ ಅದನ್ನೂ ಕುಡೀತು. ಕುಡಿದು ಸತ್ತಿತು.

ಇಲ್ಲೇ ಇದೆ ನೋಡಿ ನಿಮ್ಮ ಕಾಯಿಲೆ. ಸುಮ್ಮನಿರೋಕೆ ಬರಲ್ಲ. ನಮ್ಮ ಕಡೆ ಡಿಸೆಂಬರಿನ ಬಣ್ಣ ಬರೋದು ಚಳಿಗಿಂತ ಹೆಚ್ಚಾಗಿ ಎರಡು ಸಂಗತಿಯಿಂದ: ರಾತ್ರಿ ಉದ್ದ ಆಗೋದು, ಮಳೆ ನಿಲ್ಲೋದು. ಎರಡರಲ್ಲೂ ನಿಮಗೇನೂ ಕೆಲಸ ಇಲ್ಲ. ಅದೇ ನಿಮಗೆ ತಡೆಯೋಕಾಗದ್ದು.

ಬೋಗನ್‌ವಿಲ್ಲಾ ತಗೊಳ್ಳಿ. ಅಕ್ಟೋಬರ್, ನವೆಂಬರಲ್ಲಿ ನಮ್ಮ ಹಿಂಗಾರು ಸುರಿದು ಮುಗಿಯುತ್ತೆ, ಆಮೇಲೆ ಗಾಳಿ ಒಣಗುತ್ತೆ, ಬೇರಿಗೆ ಬಾಯಾರಿಕೆ. ಆಗಲೇ ಅದು ಮೈತುಂಬಾ ಹೂ ಬಿಡೋದು. ಅವಿನಾಶಿ ಕಡೆ ಹೆದ್ದಾರಿ ನಡುವೆ ನೋಡಿಲ್ವಾ? ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆದರೂ ಆ ಗುಲಾಬಿ ಬಣ್ಣ! ನಿಮ್ಮ ಮನೆಯದ್ದು ಮಾತ್ರ ಹಚ್ಚಹಸಿರು, ಗೊಂಚಲು ಗೊಂಚಲು ಎಲೆ. ದಿನಾ ಎರಡು ಹೊತ್ತು ನೀರು, ಮೇಲೆ ಒಂದು ಹಿಡಿ ಯೂರಿಯಾ. ಅದಕ್ಯಾಕೆ ಹೂ ಬಿಡೋ ಉಸಾಬರಿ?

ಇನ್ನು ಪಾಯಿನ್ಸೆಟಿಯಾ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಗಾಗುತ್ತೆ ಅಂತ ಗೇಟಿನ ಪಕ್ಕದಲ್ಲೇ ನೆಟ್ಟಿದ್ದೀರಿ. (ಆ ಕೆಂಪು ಹೂವಲ್ಲ, ಎಲೆ. ಹೂವು ಅಂದರೆ ನಡುವೆ ಇರೋ ಸಣ್ಣ ಹಳದಿ ಬಟ್ಟಲುಗಳು; ಒಂದೊಂದರ ಪಕ್ಕೆಗೂ ತುಟಿ ಥರ ಒಂದು ಗ್ರಂಥಿ, ಅದರಲ್ಲಿ ಜೇನಿನ ಹನಿ. ಬಗ್ಗಿ ನೋಡಿ, ಸೊಂಟ ಬಗ್ಗಿದರೆ.) ಅದು ಎಲೆ ಕೆಂಪು ಮಾಡಬೇಕಾದರೆ ಸತತವಾಗಿ ಹನ್ನೆರಡು ಗಂಟೆಗೂ ಮಿಕ್ಕಿದ ಕತ್ತಲೆ ಬೇಕು, ದಿನಾ, ವಾರಗಟ್ಟಲೆ.

ಕೊಯಮತ್ತೂರಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಇರೋ ವ್ಯತ್ಯಾಸ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಸೀರಿಯಲ್ ನೋಡೋ ನಿಮಗೆ ಅದು ಗೊತ್ತೂ ಆಗಲ್ಲ, ಗಿಡಕ್ಕೆ ಗೊತ್ತಾಗುತ್ತೆ. ಆದರೆ ಗೇಟಿನ ಮೇಲೆ ಬೆಳಗೋ ಹಾಗೆ ಎಲ್‌ಇಡಿ ಹಾಕಿಸಿದ್ದೀರಲ್ಲ, ಕಳ್ಳರಿಗೆ ಅಂತ? ಕಳ್ಳ ಬರಲಿಲ್ಲ, ನಿಜ. ಕೆಂಪೂ ಬರಲಿಲ್ಲ. ಕುಂಡವನ್ನ ಹಿತ್ತಲ ಕತ್ತಲೆಗೆ ಸರಿಸಿ ಅಂದರೆ, ‘ಅಲ್ಲಿಟ್ಟರೆ ಯಾರು ನೋಡ್ತಾರೆ?’ ಅಂತೀರಿ.

ಸೇವಂತಿಗೆಯದ್ದೂ ಅದೇ ಜಾತಕ, ಅದಕ್ಕೂ ಉದ್ದ ರಾತ್ರಿಯೇ ಬೇಕು. ನಿಮ್ಮೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ತಳಿಗಳೇ ಇವೆ: ಹಳದಿ ಬೇಕಾದರೆ ಕೋ 1, ನೇರಳೆ ಬೇಕಾದರೆ ಕೋ 2. ಆ ‘ಕೋ’ ಅಂದರೆ ಕೊಯಮತ್ತೂರೇ. ಮಳೆಗಾಲದ ಮೊದಲಲ್ಲಿ ಕಂದು ನೆಟ್ಟು, ನಾಲ್ಕು ವಾರಕ್ಕೆ ಕುಡಿ ಚಿವುಟಬೇಕು. ಆಗ ಪಕ್ಕೆಯೊಡೆದು ಪೊದೆಯಾಗುತ್ತೆ. ಚಿವುಟ್ತೀರಾ? ‘ಅಯ್ಯೋ ಪಾಪ’ ಅಂತ ಬಿಟ್ಟುಬಿಡ್ತೀರಿ. ಅದು ಉದ್ದಕ್ಕೆ ಬೆಳೆದು, ತುದಿಯಲ್ಲಿ ಒಂದೇ ಹೂ ಬಿಟ್ಟು, ಗಾಳಿಗೆ ಮಲಗುತ್ತೆ. ಆಮೇಲೆ ಪೂ ಮಾರ್ಕೆಟ್ಟಿಗೆ ಹೋಗಿ ಕಾಲು ಕೆಜಿ ತೂಗಿಸಿಕೊಂಡು ಬರೋರೂ ನೀವೇ.

ತಿರುಪ್ಪೂರಿನೋರೇ, ನಗಬೇಡಿ, ನಿಮ್ಮ ಸರದಿ. ಮಾರ್ಗಳಿ ತಿಂಗಳಲ್ಲಿ ನಿಮ್ಮ ಕಂಪನಿಯಲ್ಲಿ ಹೊಲಿಯೋದು ಯುರೋಪಿನ ಬೇಸಿಗೆಯ ಟೀ ಶರ್ಟು. ಅಲ್ಲಿಯೋರು ಹಿಮದಲ್ಲಿ ಕೂತು ಕೆಂಪು ಕಡ್ಡಿ ನೋಡ್ತಿರುವಾಗ ಅವರ ಬೇಸಿಗೆಯ ಬಣ್ಣಗಳೆಲ್ಲಾ ನಿಮ್ಮ ಟೇಬಲ್ ಮೇಲೆ. ಆ ಅಭ್ಯಾಸಕ್ಕೆ ನರ್ಸರಿಗೂ ಶೇಡ್ ಕಾರ್ಡ್ ಹಿಡಕೊಂಡು ಹೋಗಿ, ‘ಈ ಪೆಟೂನಿಯಾ ಎರಡು ಶೇಡ್ ಡಾರ್ಕ್ ಆಯ್ತು’ ಅಂತೀರಿ. ನರ್ಸರಿಯೋನು ಏನಂತಾನೆ? ‘ತೊಳೆದ್ರೆ ಸರಿಹೋಗುತ್ತೆ ಸಾರ್.’

(ಬಣ್ಣದ ವಿಷಯದಲ್ಲಿ ನಿಮ್ಮೂರನ್ನ ಮೀರಿಸೋರಿರಲಿಲ್ಲ ಬಿಡಿ. ನೊಯ್ಯಲ್ ಹೊಳೆಯೇ ಎಷ್ಟೋ ವರ್ಷ ಡೈಯಿಂಗ್ ಘಟಕಗಳ ಬಣ್ಣದಲ್ಲಿ ಹರೀತಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನ ಮುಚ್ಚಿಸಿದ ಮೇಲೆ ಕೊಳೆನೀರು ಹೊರಬಿಡದೆ ಶುದ್ಧಿ ಮಾಡೋ ದಾರಿ ಹಿಡಿಯಬೇಕಾಯ್ತು. ಇದರಲ್ಲಿ ತಮಾಷೆ ಮಾಡೋಕೆ ನನಗೆ ಮನಸ್ಸಿಲ್ಲ. ಕೆಳಗಿನ ಹೊಲದೋರನ್ನ ಕೇಳಿ.)

ಮಣ್ಣಿಗೆ ಬರೋಣ. ಆನ್‌ಲೈನಲ್ಲಿ ‘ಇಂಪೋರ್ಟೆಡ್ ಪಾಟಿಂಗ್ ಮಿಕ್ಸ್’ ತರಿಸಿದಿರಂತೆ? ಚೀಲದ ಹಿಂದೆ ತಿರುಗಿಸಿ ಓದಿದಿರಾ? ಒಳಗಿರೋದರಲ್ಲಿ ಬಹುಪಾಲು ತೆಂಗಿನ ನಾರಿನ ಪುಡಿ. ಪೊಳ್ಳಾಚಿಯಿಂದ 5 ಕೆಜಿ ಇಟ್ಟಿಗೆಯಾಗಿ ಒತ್ತಿ ಹಡಗು ಹತ್ತಿಸೋದು ಅದನ್ನೇ. ಮನೆಯಿಂದ ನಲವತ್ತು ಕಿಲೋಮೀಟರಲ್ಲಿ ಸಿಗೋ ವಸ್ತು ಚೀಲ ಬದಲಾಯಿಸಿಕೊಂಡು ಬಂದಾಗ ನಿಮ್ಮ ಮುಖದಲ್ಲಿ ಏನು ಗೌರವ! (ಲೋಕಲ್ಲಾಗಿ ತಗೊಂಡರೆ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಉಪ್ಪು ಹೋಗಲಿ. ಗಿಡ ಕಟ್ಟೋಕೆ ಬನಿಯನ್ ವೇಸ್ಟ್ ಪಟ್ಟಿ ಸಾಕು, ಕಾಂಡಕ್ಕೆ ಕೊರೆಯಲ್ಲ.)

ಈಗ ಗುಟ್ಟು ಹೇಳ್ತೀನಿ, ಹತ್ತಿರ ಬನ್ನಿ. ಈ ಸೀಮೆಯ ಚಳಿಗಾಲದ ತೋಟ ಆಗಲೇ ಇದೆ. ಬೆಳಗ್ಗೆ ಐದೂವರೆಗೆ ನಿಮ್ಮ ಬೀದಿಗೇ ಇಳಿದು ನೋಡಿ. ಮಾರ್ಗಳಿ ಕೋಲದ ನಡುವೆ ನಿಂಬೆಗಾತ್ರದ ಹಸೀ ಸಗಣಿ ಉಂಡೆ, ಅದರಲ್ಲಿ ಸಿಕ್ಕಿಸಿದ ಕುಂಬಳದ ಹೂ. ಅಂಗೈ ಅಗಲದ ಹಳದಿ, ಅಂಚು ಸುಕ್ಕುಸುಕ್ಕು, ಒಳಗೆ ಮಂಜಿನ ಹನಿ, ಕೆಲವೊಮ್ಮೆ ಹೊರಬರೋಕೆ ದಾರಿ ತಿಳಿಯದ ಒಂದು ಇರುವೆ. ಹತ್ತು ಗಂಟೆಗೆ ಮುದುಡಿ ಮುಗೀತು. ಆ ಉಂಡೆಯನ್ನ ಹೂವಿನ ಸಮೇತ ತಟ್ಟಿ ಒಣಗಿಸಿ ಪೊಂಗಲ್ ಒಲೆಗೆ ಇಟ್ಟುಕೊಳ್ಳೋ ಮನೆಗಳಿವೆ. (ಕೀಳುವಾಗ ಗಂಡು ಹೂ ಕೀಳಿ. ತೊಟ್ಟು ಸಪೂರ, ಉದ್ದ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು, ಬಿಟ್ಟುಬಿಡಿ, ಹುಳಿಗಾಗುತ್ತೆ.)

ಹಾಗಾದರೆ ತಾರಸಿ ಮೇಲೆ ಎರಡು ಕುಂಬಳದ ಬಳ್ಳಿ ಹಬ್ಬಿಸಿ. ಆಗಸ್ಟ್, ಸೆಪ್ಟೆಂಬರಲ್ಲಿ ಬೀಜ ಹಾಕಿದ್ದರೆ ಈಗ ಹೂ. ಬೇಲಿಗೆ ಡಿಸೆಂಬರ್ ಪೂ, ನಮ್ಮ ಸ್ಫಟಿಕದ ಹೂ. ನೇರಳೆ, ಬಿಳಿ, ಪಟ್ಟೆಪಟ್ಟೆ. ಕಡ್ಡಿ ಮುರಿದು ಚುಚ್ಚಿದರೆ ಸಾಕು, ಬೇರು ಬಿಡುತ್ತೆ. ವಾಸನೆ ಇಲ್ಲ, ಅದಕ್ಕೇ ನೀವು ಮೂಗು ಮುರೀತೀರಿ. ನಿಮ್ಮ ಹೈಡ್ರಾಂಜಿಯಾಕ್ಕೆ ಏನು ವಾಸನೆ ಇತ್ತೋ ನಾ ಕಾಣೆ.

ಇನ್ನು ಆ ಖಾಲಿ ಸೈಟು. ಅಲ್ಲಿ ಬಿಳೀ ಉಣ್ಣೆಯಂಥ ತೆನೆ ಹೊತ್ತ ಪೂಳೈ ಬೆಳೆದಿತ್ತು. ಕಳೆ ಅಂತ ಹೋದ ವರ್ಷ ನವೆಂಬರಲ್ಲಿ ಆಳಿಟ್ಟು ಕೀಳಿಸಿದಿರಿ, ಕೂಲಿ ಕೊಟ್ಟಿರಿ. ಭೋಗಿ ಸಂಜೆ ಬೇವಿನ ಸೊಪ್ಪು, ಆವಾರಂ ಹೂ, ಪೂಳೈ ಸೇರಿಸಿ ಬಾಗಿಲಿಗೆ ಕಾಪು ಕಟ್ಟೋದು ಈ ಕೊಂಗುನಾಡಿನ ಪದ್ಧತಿ. ಅವತ್ತು ಅದೇ ಪೂಳೈಯನ್ನ ಮಾರ್ಕೆಟ್ಟಲ್ಲಿ ಚೌಕಾಸಿ ಮಾಡಿ ಕಟ್ಟಿಗಿಷ್ಟು ಅಂತ ಕೊಂಡಿರಿ. ಕೀಳಿಸೋಕೂ ದುಡ್ಡು, ಕೊಳ್ಳೋಕೂ ದುಡ್ಡು. ಗಾದೆ ನಾನು ಹೇಳಲ್ಲ, ನಿಮಗೇ ಗೊತ್ತು.

ಆವಾರಂ ಅಂದರೆ ಗೊತ್ತಲ್ಲ, ನಮ್ಮ ತಂಗಡಿ. ಪೊಂಗಲ್ ಮುಗಿಯೋ ದಿನ ಇಲ್ಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಗುಂಪಾಗಿ ಬಯಲಿಗೆ ಹೋಗಿ ಅದನ್ನ ಕೊಯ್ದು ತರ್ತಾರೆ. ಪೂ ಪರಿಕ್ಕುಂ ನೋಂಬಿ ಅಂತಾರೆ. ಪಲ್ಲಡಂ ಕಡೆ ರಸ್ತೆ ಬದಿಯ ಕಲ್ಲು ನೆಲದಲ್ಲಿ ಯಾರೂ ನೀರು ಹಾಕದೆ ಅದು ಚಿನ್ನದ ಬಣ್ಣಕ್ಕೆ ತಿರುಗಿರುತ್ತೆ. ನಾದಿನಿ ಮನೆಯವರನ್ನ ಅಲ್ಲಿಗೇ ಕರಕೊಂಡು ಹೋಗಿ, ಬುತ್ತಿಗೆ ಚಿತ್ರಾನ್ನ ಇರಲಿ.

ಒಂದು ಮಾತು. ಡಿಕ್ಕಿಯಲ್ಲಿ ಗುದ್ದಲಿ ಇಟ್ಟುಕೊಂಡು ಹೋಗಬೇಡಿ. ನಿಮ್ಮ ಕೈ ಗೊತ್ತಿದೆ ನನಗೆ. ಅದರ ತಾಯಿಬೇರು ಆಳಕ್ಕೆ ಇಳಿದಿರುತ್ತೆ, ಕಿತ್ತು ತಂದರೆ ಹಿಡಿಯೋದು ಕಷ್ಟ. ಒಣಗಿದ ಕಾಯಿ ನಾಲ್ಕು ಜೇಬಿಗೆ ಹಾಕ್ಕೊಳ್ಳಿ, ಬೀಜ ಒಂದು ರಾತ್ರಿ ನೆನೆಸಿ ಬಿತ್ತಿ. ಬೋರ್ ನೀರಲ್ಲೇ ನೆನೆಸಿ, ಕೇಳಿಸ್ತಾ?